ಗೊಂಬೆಯ ದವಡೆ

ಐಸಿಯು ಡ್ಯೂಟಿ ಬಿಡಬೇಕು ಎಂದು ಯಾವಾಗ ತೀರ್ಮಾನಿಸಿದೆನೋ ಸರಿಯಾಗಿ ಹೇಳಲಾರೆ. ಪಂಪ್‌ವೆಲ್ ಸರ್ಕಲ್ಲಿನಲ್ಲಿ ಎಂದು ಹೇಳಿಕೊಂಡು ಬಂದಿದ್ದೇನೆ: ಬಸ್ಸಿನಲ್ಲಿ ಎದುರಿನ ಹೆಂಗಸು ಬಾಯಿ ತೆರೆದು ನಿದ್ದೆ ಹೋಗಿದ್ದಳು, ನಾನು ಅವಳ ಎದೆ ಏಳುತ್ತದೆಯೇ ಎಂದು ನೋಡುತ್ತಿದ್ದೆ. ಹೇಳಿ ಹೇಳಿ ಆ ಹೆಂಗಸಿಗೊಂದು ಹಸಿರು ಸೀರೆಯೂ ಬಂದುಬಿಟ್ಟಿದೆ. ಅದನ್ನು ನಂಬಬೇಡಿ.

ಗಲ್ಫಿನ ನರ್ಸ್ ಕೆಲಸಕ್ಕೆ ನನ್ನ ವಯಸ್ಸು ಮೀರಿತ್ತು. ಇನ್ಶೂರೆನ್ಸ್ ಆಫೀಸಿನವರಿಗೆ ಕಂಪ್ಯೂಟರ್ ಬಲ್ಲ ಚಿಕ್ಕ ಹುಡುಗಿಯರು ಬೇಕಿತ್ತು. ಉಳಿದದ್ದು ನಮ್ಮ ಆಸ್ಪತ್ರೆಯದೇ ನರ್ಸಿಂಗ್ ಕಾಲೇಜಿನ ಟ್ಯೂಟರ್ ಹುದ್ದೆ. ಅದಕ್ಕೆ ಬೇಕಾದ ಡಿಗ್ರಿಯನ್ನು ಡ್ಯೂಟಿಯ ನಡುವೆ ಓದಿ ಮುಗಿಸಿದ್ದೆ.

ಸಂದರ್ಶನವೆಂದರೆ ವಿದ್ಯಾರ್ಥಿನಿಯರ ಎದುರು ಒಂದು ಪಾಠ: ಪ್ರಜ್ಞೆ ಇಲ್ಲದ ರೋಗಿಯ ಬಾಯಿ ಸ್ವಚ್ಛಗೊಳಿಸುವುದು. ಮಂಚದ ಮೇಲೆ ರಬ್ಬರ್ ಗೊಂಬೆ. ಮಾತು ಚೆನ್ನಾಗಿಯೇ ಬರುತ್ತಿತ್ತು. ಗೊಂಬೆಯ ದವಡೆ ಸಡಿಲ, ಮುಚ್ಚಿದರೆ ಮತ್ತೆ ಜೋತುಬೀಳುತ್ತಿತ್ತು. ನಾನು ಪಾಠ ಹೇಳುತ್ತಲೇ ಇದ್ದೆ. ಕೈ ಟ್ರಾಲಿಯಿಂದ ಬ್ಯಾಂಡೇಜ್ ತೆಗೆದು, ಗದ್ದದ ಕೆಳಗಿಂದ ಸುತ್ತಿ, ನೆತ್ತಿಯ ಮೇಲೆ ಗಂಟು ಹಾಕಿತು. ಹೆಣಕ್ಕೆ ಹಾಕುವ ಗಂಟು. ಕಾಲಿನ ಹೆಬ್ಬೆರಳುಗಳನ್ನೂ ಜೋಡಿಸಿ ಕಟ್ಟಿದ ಮೇಲೆಯೇ ನಾನು ನೋಡಿದ್ದು.

“ಎಂತ ಸಿಸ್ಟರ್, ಪಾಠ ಮುಗಿಯುವ ಮೊದಲೇ ಪೇಷಂಟನ್ನು ಮುಗಿಸಿಬಿಟ್ರಾ?” ಎಂದರು ಪ್ರಿನ್ಸಿಪಾಲ್.

“ಮನೆಯವರಿಗೆ ಹೇಳ್ಲಿಕ್ಕೆ ಉಂಟಾ ಮೇಡಂ?” ಹಿಂದಿನ ಬೆಂಚಿನ ಒಬ್ಬಳು.

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ ಎಂದು ಒಂದು ನೆನಪು ಹೇಳುತ್ತದೆ. ಇನ್ನೊಂದರಲ್ಲಿ ನಾನು ಗಂಟು ಬಿಚ್ಚುತ್ತಿದ್ದೇನೆ, ಬರುತ್ತಿಲ್ಲ. ಅದು ಬಿಚ್ಚಲೆಂದು ಹಾಕುವ ಗಂಟಲ್ಲ.

ಆಮೇಲೆ ಪ್ರಿನ್ಸಿಪಾಲ್ ತಮ್ಮ ಛೇಂಬರಿಗೆ ಕರೆದರು. “ಕ್ಲಾಸು ನಿಮಗೆ ಆಗ್ಲಿಕ್ಕಿಲ್ಲ ಸಿಸ್ಟರ್. ಆದ್ರೆ ಎಷ್ಟು ನೀಟಾಗಿ ಕಟ್ಟಿದ್ರಿ ಮಾರಾಯ್ರೆ! ಮಕ್ಕಳನ್ನು ಐಸಿಯುಗೇ ಕಳಿಸ್ತೇನೆ, ಯಾರಾದ್ರೂ ತೀರಿಹೋದಾಗ ಕಟ್ಟುವುದು ಹೇಳಿಕೊಡಿ.”

“ಟ್ಯೂಟರ್ ಅಂತ ಆರ್ಡರ್ ಕೊಡ್ತೀರಾ ಮೇಡಂ?”

“ಅದೆಂತಕ್ಕೆ? ಡ್ಯೂಟಿಯ ಮಧ್ಯೆ ಹತ್ತು ನಿಮಿಷದ ಕೆಲಸ.”

ಈಗ ಹುಡುಗಿಯರು ಐಸಿಯುಗೆ ಬಂದು ಮಂಚದ ಸುತ್ತ ನಿಲ್ಲುತ್ತಾರೆ. ಕೆಲವು ದಿನ ಯಾರೂ ಸಾಯುವುದಿಲ್ಲ. ಅವರು ಗಡಿಯಾರ ನೋಡುತ್ತಾರೆ, ಬಳಿಕ ರೋಗಿಯನ್ನು, ಬಳಿಕ ನನ್ನನ್ನು.

“ಇವತ್ತು ಉಂಟಾ ಸಿಸ್ಟರ್?” ಎಂದು ಮೆಲ್ಲಗೆ ಕೇಳುತ್ತಾರೆ.

ನಾನು ಮಾನಿಟರ್ ನೋಡಿ ಹೇಳುತ್ತೇನೆ.