ಮೈಂದ್‌ನ ಉಂಡೆ ಕಟ್ಟಿದ ಮಾವ

ಫ್ರಿಜ್ಜಿನೊಳಗೆ ಮೇಲಿನ ಗೂಡಿನಲ್ಲಿ ಕಟ್ಟಿಕೊಂಡಿದ್ದ ಮಂಜಿನ ಬಿಳಿ ಹುಡಿಯನ್ನು ಇವತ್ತು ಬೆಳಿಗ್ಗೆ ಚಮಚದಿಂದ ಕೆರೆಯುತ್ತಿದ್ದೆ. ಅಂಗೈಗೆ ಒಂದು ಹಿಡಿ ಬಿತ್ತು. ಒತ್ತಿ ನೋಡಿದೆ. ಅಬ್ಬ, ಉಂಡೆಯಾಯಿತು! ಈ ವಯಸ್ಸಿನಲ್ಲಿ ಎಂಥ ಮಕ್ಕಳಾಟ ಎಂದು ನೀವು ನಗಬಹುದು. ನಗಿ. ಆದರೆ ನಾನೊಂದು ತಪ್ಪು ಒಪ್ಪಿಕೊಳ್ಳುವುದಿದೆ.

ದೊಡ್ಡ ಯುದ್ಧದ ಕಾಲ. ಅಮ್ಮನ ತಮ್ಮ, ನನ್ನ ಮಾವ, ಪಟಾಲಂ ಸೇರಿ ಇಟಲಿಗೆ ಹೋಗಿದ್ದರು. ಉರ್ವದ ನಮ್ಮ ಮನೆಯಲ್ಲಿ ಅವರ ಕಾಗದ ಓದುವ ಅಧಿಕಾರ ಮೂರನೇ ಕ್ಲಾಸಿನ ನನ್ನದು. ಓದು ಬರುತ್ತಿದ್ದುದು ನನಗೊಬ್ಬಳಿಗೇ. ಕಾಗದ ಇರುತ್ತಿದ್ದುದು ಕನ್ನಡದಲ್ಲಿ, ಅಜ್ಜಿಗೆ ಬರುತ್ತಿದ್ದುದು ತುಳು ಮಾತ್ರ. ಕನ್ನಡ ಓದಿ ತುಳುವಿನಲ್ಲಿ ಹೇಳಬೇಕು. ಗೊತ್ತಿಲ್ಲದ ಶಬ್ದ ಬಂದರೆ ಗೊತ್ತಿಲ್ಲ ಎನ್ನುವವಳಲ್ಲ ನಾನು.

ಒಂದು ಕಾಗದದಲ್ಲಿ ಮಾವ ಬರೆದಿದ್ದರು: ‘ನಿನ್ನೆ ಹಿಮ ಬಿತ್ತು. ನಾವೆಲ್ಲ ಅದರಲ್ಲಿ ಉರುಳಾಡಿದೆವು, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಹೊಡೆದೆವು. ಸುಬೇದಾರರೂ ಹೊಟ್ಟೆ ಹಿಡಿದು ನಕ್ಕರು. ಇಲ್ಲಿಗೆ ಬಂದ ಮೇಲೆ ಇಷ್ಟು ಸಂತೋಷವಾದದ್ದು ಇದೇ ಮೊದಲು.’

ನಮ್ಮ ಪಾಠದಲ್ಲಿ ಹಿಮಮಣಿ ಎಂದರೆ ಹುಲ್ಲಿನ ತುದಿಯ ಇಬ್ಬನಿ ಎಂದಿತ್ತು. ಇಬ್ಬನಿಗೆ ತುಳುವಿನಲ್ಲಿ ಮೈಂದ್. ಮಾವ ಮೈಂದ್‌ನ ಉಂಡೆ ಕಟ್ಟಿದರು ಎಂದು ಧೈರ್ಯವಾಗಿ ಹೇಳಿಬಿಟ್ಟೆ.

ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ಎಂತ? ಮೈಂದ್‌ನ ಉಂಡೆಯಾ? ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದೆ.

“ಅಯ್ಯೋ ದೇವರೇ, ನನ್ನ ಮಗನಿಗೆ ಹುಚ್ಚು ಹಿಡಿದಿದೆ!”

ಮಗ ಸರಿಯಾಗಿ ಮನೆಗೆ ಬರುವವರೆಗೆ ಮೀನು ಮುಟ್ಟುವುದಿಲ್ಲ ಎಂದು ಅಜ್ಜಿ ಹರಕೆ ಹೊತ್ತರು. ನಮ್ಮ ಕಡೆಯವರಿಗೆ ಮೀನಿಲ್ಲದ ಊಟವೆಂದರೆ ಏನೆಂದು ನಿಮಗೆ ಗೊತ್ತಲ್ಲ. ದಿನೇ ದಿನೇ ಸೊರಗಿದರು. ನನಗೋ, ಇಬ್ಬನಿಯನ್ನು ಉಂಡೆ ಕಟ್ಟುವುದು ಹೇಗೆಂಬ ಕುತೂಹಲ. ಬೆಳಿಗ್ಗೆ ಎದ್ದು ಅಂಗಳದ ಹುಲ್ಲು ಸವರಿ ಸವರಿ ನೋಡಿದೆ. ಅಂಗೈ ಒದ್ದೆಯಾಯಿತು, ಅಷ್ಟೇ.

ಮರುವರ್ಷ ಹಿಮಾಲಯದ ಪಾಠ ಬಂದಾಗ, ಮಾವ ಬರೆದ ಹಿಮ ಇಬ್ಬನಿಯಲ್ಲ, ಬೆಟ್ಟದ ಮೇಲೆ ರಾಶಿ ಬೀಳುವ ಬಿಳಿ ಮಂಜು ಎಂದು ತಿಳಿಯಿತು. ಅಜ್ಜಿಗೆ ಹೇಳಲಿಲ್ಲ. ಬೈಗುಳದ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಅಧಿಕಾರ ಹೋದೀತೆಂಬ ಹೆದರಿಕೆ.

ಯುದ್ಧ ಮುಗಿದು ಮಾವ ಬಂದರು. ಅಜ್ಜಿ ಹೊಸ್ತಿಲಲ್ಲೇ ಅವರ ಹಣೆ ಮುಟ್ಟಿ ನೋಡಿದರು. “ಮಗಾ, ನೀನು ಮೈಂದ್‌ನ ಉಂಡೆ ಕಟ್ಟಿದ್ದು ಹೌದಾ?”

“ಎಂತ ಮೈಂದ್? ಯಾರು ಹೇಳಿದ್ದು?”

“ನೀನೇ ಬರೆದದ್ದು. ಇವಳು ಓದಿದ್ದು. ಶಾಲೆಗೆ ಹೋಗುವವಳು, ತಪ್ಪು ಓದ್ತಾಳಾ?”

ಮಾವ ನನ್ನತ್ತ ನೋಡಿದರು. ನಾನು ಕಂಬದ ಹಿಂದೆ ಸರಿದೆ.

“ಓ, ಅದಾ?” ಮಾವ ನಕ್ಕರು. “ಆಗ ಜ್ವರ ಇತ್ತಮ್ಮ. ತಲೆಬುಡ ಇಲ್ಲದೆ ಏನೋ ಬರೆದೆ. ಈಗ ಎಂತದೂ ಇಲ್ಲ.”

ಅಜ್ಜಿ ಆ ಮಧ್ಯಾಹ್ನವೇ ಬಂಗುಡೆ ಮೀನು ತರಿಸಿದರು. ಮಾವ ಮಾತ್ರ ಆ ಮನೆಯಲ್ಲಿ ಮತ್ತೆಂದೂ ಹಿಮದ ಮಾತೆತ್ತಲಿಲ್ಲ. ಎತ್ತಿದರೆ ನನ್ನ ಗುಟ್ಟು ರಟ್ಟಾಗುತ್ತಿತ್ತು. ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತು! ತಣ್ಣಗಿತ್ತೇ, ಮೆತ್ತಗಿತ್ತೇ, ಕೈ ಸುಟ್ಟಿತೇ? ನಾಚಿಕೆಯಿಂದ ಕೇಳಲಿಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು.

ಇವತ್ತು ಮೊಮ್ಮಗಳು ಅಡುಗೆಮನೆಗೆ ಬಂದು, “ಅಜ್ಜಿ, ನೆಲ ಎಲ್ಲ ನೀರು. ಎಂತ ಮಾಡ್ತಿದ್ದೀರಿ?” ಎಂದಳು. ಅವಳನ್ನು ಕೂರಿಸಿಕೊಂಡು ಮೊದಲ ಸಲ ಬಾಯಿಬಿಟ್ಟೆ.

“ನನ್ನ ಮಾವನಿಗೆ ಆ ದಿನ ಜ್ವರ ಇರಲಿಲ್ಲ.”