ಓಡಬೇಡ ಎಂದ ಕೋಚ್

ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ವಯಸ್ಸಾದಂತೆ ಎಲ್ಲವೂ ತಣ್ಣಗಾಗುತ್ತದೆ ಎನ್ನುತ್ತಾರೆ. ನನ್ನದೇನೂ ತಣ್ಣಗಾಗಿಲ್ಲ. ಆತ ನನ್ನ ಸಂಬಂಧಿಕನಲ್ಲ, ಮೇಲಧಿಕಾರಿಯಲ್ಲ, ನನ್ನಿಂದ ಏನನ್ನೂ ಕಿತ್ತುಕೊಂಡವನೂ ಅಲ್ಲ. ನಮ್ಮ ಜಿಲ್ಲೆಯ ಜೂನಿಯರ್ ಹುಡುಗಿಯರ ಹಾಕಿ ತಂಡಕ್ಕೆ ಕೋಚ್ ಆಗಿದ್ದ, ಅಷ್ಟೆ. ನಾನು ಆಟ ನೋಡಲು ಹೋಗುತ್ತಿದ್ದವಳು, ಅಷ್ಟೆ.

ಎಂಬತ್ತರ ದಶಕದ ಆರಂಭದ ಮಾತು. ನಾನು ಗುಬ್ಬಿಯಿಂದ ದಿನಾ ರೈಲಿನಲ್ಲಿ ತುಮಕೂರಿಗೆ ಬಂದು ಟೆಲಿಫೋನ್ ಆಪರೇಟರ್ ಕೆಲಸ ಮಾಡುತ್ತಿದ್ದೆ. ಬೆಳಗಿನ ಪಾಳಿ ಮಧ್ಯಾಹ್ನಕ್ಕೆ ಮುಗಿದರೆ ವಾಪಸು ರೈಲು ಸಂಜೆಗೆ. ನಡುವಿನ ಹೊತ್ತನ್ನು ಒಬ್ಬರು ಟೈಲರ್ ಹೆಂಗಸಿನ ಮನೆಯಲ್ಲಿ ಕಳೆಯುತ್ತಿದ್ದೆ. ಮೊದಲು ಬ್ಲೌಸ್ ಹೊಲಿಸಲು ಹೋದವಳು ಆಮೇಲೆ ಮಾತಾಡಲೆಂದೇ ಹೋಗತೊಡಗಿದೆ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು ಇಡೀ ಬೀದಿಯ ಹೆಂಗಸರಿಗೆ ಹೊಲಿಯುತ್ತಿದ್ದ ಅವರನ್ನು ಎಲ್ಲರೂ ಆಪಾ, ಉರ್ದುವಿನಲ್ಲಿ ಅಕ್ಕ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು.

ಒಂದು ಸಲ ಹಾಕಿ ತಂಡದ ಸ್ಕರ್ಟ್ ಹೊಲಿಯುವ ಕೆಲಸ ಆಪಾಗೆ ಬಂತು. ಹುಡುಗಿಯರೆಲ್ಲ ಅಳತೆ ಕೊಡಲು ಬಂದರು. ಅವರಲ್ಲಿ ಒಬ್ಬಳು, ಉದ್ದ ಕಾಲಿನ ಸಣಕಲು ಹುಡುಗಿ, ಟೇಪಿನ ಕಡೆ ನೋಡಿ, “ಇನ್ನೂ ಸ್ವಲ್ಪ ಅಗಲ ಬುಡಿ ಆಪಾ, ಓಡಕ್ಕೆ ಅಡ್ಡ ಆಯ್ತದೆ” ಎಂದಳು. ಆಪಾ ತಲೆಯೆತ್ತಿ ಅವಳನ್ನು ನೋಡಿದರು. “ಅಷ್ಟು ಜೋರಾಗಿ ಓಡ್ತೀಯೇನೇ?” ಹುಡುಗಿ ನಕ್ಕಳು. ಪಕ್ಕದವಳು ಹೇಳಿದಳು: “ಇವ್ಳು ಕುಣಿಗಲ್ ಕುದುರೆ ಫಾರಂನವ್ಳು. ಕುದುರೆ ಜೊತೆ ಓಡಿ ಕಲ್ತವ್ಳೆ.” ಅವಳ ತಂದೆ ಅಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಹುಡುಗಿ ತುಮಕೂರಿನ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು.

ಬಟ್ಟೆ ಕೊಟ್ಟ ವಾರದಲ್ಲಿ ಆಪಾ, “ನನ್ನ ಹೊಲಿಗೆ ಓಡೋವಾಗ ನಿಲ್ತದಾ ನೋಡೋಣ ಬಾಮ್ಮ” ಎಂದು ಬುರ್ಖಾ ಹಾಕಿಕೊಂಡು ಹೊರಟರು. ನಾನೂ ಹೋದೆ. ಮೈದಾನದ ಒಂದು ಬದಿಯ ಮಣ್ಣಿನ ದಿಬ್ಬದ ಮೇಲೆ ಕೂತೆವು. ಹುಡುಗಿಯರು ಎರಡು ಗುಂಪಾಗಿ ಆಡುತ್ತಿದ್ದರು. ಚೆಂಡು ಎಡಗಡೆ ಗೆರೆಯ ಹತ್ತಿರ ಉರುಳಿತು. ಕುಣಿಗಲ್ ಹುಡುಗಿ ಅದನ್ನು ಸ್ಟಿಕ್ಕಿನಲ್ಲಿ ತಟ್ಟಿ ಹೊರಟಳು ನೋಡಿ! ಹಾಕಿಯ ಗಂಧವೇ ಇಲ್ಲದ ನಾನು ಎದ್ದು ನಿಂತುಬಿಟ್ಟಿದ್ದೆ. ಮೂವರು ಅಡ್ಡ ಬಂದರು, ಮೂವರೂ ಹಿಂದೆ ಉಳಿದರು.

“ಲೆಫ್ಟ್ ಔಟ್ ಇವಳು. ಹುಟ್ಟಾ ಲೆಫ್ಟ್ ಔಟ್” ಎಂದರು ಆಪಾ.

“ಹಾಗಂದ್ರೇನು ಆಪಾ?”

ಎಡಗಡೆ ಗೆರೆಯುದ್ದಕ್ಕೂ ಮುಂದೆ ನುಗ್ಗಿ ಆಡುವವಳು ಎಂದರು. ತಮಗೆ ಇದೆಲ್ಲ ಹೇಗೆ ಗೊತ್ತೆಂದೂ ಆಗಲೇ ಹೇಳಿದರು. ಅವರ ಮೂರು ಜನ ಅಣ್ಣಂದಿರೂ ಹಾಕಿ ಆಡುತ್ತಿದ್ದರಂತೆ. ಗಲ್ಲಿಯಲ್ಲಿ ಗೋಲು ಕಾಯಲು ತಂಗಿಯನ್ನು ನಿಲ್ಲಿಸುತ್ತಿದ್ದರಂತೆ. “ಹನ್ನೆರಡು ವರ್ಷಕ್ಕೆ ಸಾಕು ಅಂತ ಒಳಗೆ ಕರ್ಕೊಂಡ್ರು. ಆದ್ರೆ ಕಣ್ಣು ಕಿತ್ಕೊಳ್ಳಲಿಲ್ಲವಲ್ಲ. ನೋಡೋದು ಬಿಡಲಿಲ್ಲ ನಾನು.” ಯಾವ ಆಟಗಾರ್ತಿ ಎಲ್ಲಿ ನಿಲ್ಲಬೇಕು, ಯಾರಿಗೆ ಚೆಂಡು ಕೊಡಬೇಕು, ಎಲ್ಲವನ್ನೂ ಅವರು ನನಗೆ ಆ ದಿಬ್ಬದ ಮೇಲೆ ಕೂತೇ ಕಲಿಸಿದರು. ತಿಂಗಳೊಳಗೆ ನನಗೆ ಹುಚ್ಚು ಹಿಡಿಯಿತು. ಸಂಜೆಯ ರೈಲು ತಪ್ಪಿಸಿಕೊಂಡು ಮನೆಯಲ್ಲಿ ಬೈಸಿಕೊಂಡ ದಿನಗಳೂ ಉಂಟು.

ಈಗ ಕೋಚ್ ವಿಷಯಕ್ಕೆ ಬರುತ್ತೇನೆ. ಮಡಚುವ ಕುರ್ಚಿ, ಛತ್ರಿ, ಕೊರಳಲ್ಲಿ ಸೀಟಿ. ಕುರ್ಚಿಯಿಂದ ಏಳುತ್ತಿದ್ದುದು ಅಪರೂಪ. ಹುಡುಗಿಯರಿಗೆ ಆತ ಹೇಳಿಕೊಡುತ್ತಿದ್ದುದು ಒಂದೇ ಪಾಠ: “ಗೋಲು ಹೊಡೀದಿದ್ರೂ ಪರವಾಗಿಲ್ಲ, ಹೊಡೆಸ್ಕೋಬೇಡಿ. ಹಿಂದೆ ಇರಿ.” ಹತ್ತು ಜನರನ್ನೂ ತಮ್ಮ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲಿಸುತ್ತಿದ್ದ. ಕುಣಿಗಲ್ ಹುಡುಗಿಯನ್ನು ಎಲ್ಲರಿಗಿಂತ ಹಿಂದೆ, ಫುಲ್ ಬ್ಯಾಕ್ ಜಾಗದಲ್ಲಿ ಹಾಕಿದ. ಜೋರಾಗಿ ಓಡುವವಳು ಹಿಂದಿದ್ದರೆ ನುಗ್ಗಿ ಬಂದವರನ್ನು ಹಿಡಿಯಬಹುದು ಎಂಬುದು ಆತನ ಲೆಕ್ಕಾಚಾರ. ಅದನ್ನು ಕೇಳಿ ಆಪಾ ಹಣೆ ಹಣೆ ಬಡಿದುಕೊಂಡರು.

ಆ ವರ್ಷ ಅಕ್ಕಪಕ್ಕದ ಜಿಲ್ಲೆಗಳ ಜೂನಿಯರ್ ತಂಡಗಳು ತುಮಕೂರಿಗೆ ಆಡಲು ಬಂದವು. ಇಲ್ಲಿ ಚೆನ್ನಾಗಿ ಆಡಿದವರನ್ನು ರಾಜ್ಯ ತಂಡದ ಶಿಬಿರಕ್ಕೆ ಆರಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಮೊದಲ ಪಂದ್ಯದಲ್ಲಿ ಎರಡೂ ಕಡೆ ಗೋಲಿಲ್ಲ. ನಮ್ಮವರು ಒಂದು ಸಲವೂ ಎದುರಿನ ಗೋಲಿನ ಹತ್ತಿರ ಹೋಗಲಿಲ್ಲ. ನೋಡುತ್ತಿದ್ದ ನಮಗೆ ಕೈಕಾಲು ಕಟ್ಟಿ ಕೂರಿಸಿದಂತಾಗಿತ್ತು.

ಎರಡನೆಯ ಪಂದ್ಯದಲ್ಲಿ ನನ್ನ ಕೈಲಿ ತಡೆಯಲಾಗಲಿಲ್ಲ. ಹಾಫ್ ಟೈಮ್ ಕಳೆದ ಸ್ವಲ್ಪ ಹೊತ್ತಿಗೆ ಅವಳಿಗೆ ಚೆಂಡು ಸಿಕ್ಕಿತು. ಮುಂದೆ ಅರ್ಧ ಮೈದಾನ ಖಾಲಿ. “ಓಡೇ! ಓಡು!” ಎಂದು ನಾವಿಬ್ಬರೂ ಕಿರುಚಿದೆವು. ಓಡಿದಳು. ತಮ್ಮ ಗೋಲಿನ ಹತ್ತಿರದಿಂದ ಹೊರಟು ಎದುರಿನ ಗೋಲಿನವರೆಗೆ ಒಬ್ಬಳೇ ಹೋಗಿ ಚೆಂಡನ್ನು ಗೋಲಿನೊಳಗಿನ ಹಲಗೆಗೆ ಬಡಿದಳು. ಇಡೀ ಮೈದಾನ ಎದ್ದಿತು.

ಆ ಮನುಷ್ಯ ಅವಳನ್ನು ಆಚೆ ಕರೆಸಿದ. ಬೆನ್ನು ತಟ್ಟಲು ಎಂದುಕೊಂಡೆವು. ಅಲ್ಲ. ಅವಳ ಬದಲಿಗೆ ಬೇರೆಯವಳನ್ನು ಒಳಗೆ ಕಳಿಸಿ, ಹೇಳಿದ ಜಾಗ ಬಿಟ್ಟ ತಪ್ಪಿಗೆ ಮೈದಾನ ಸುತ್ತು ಎಂದ. ಗೋಲು ಹೊಡೆದ ಹುಡುಗಿ ಸ್ಟಿಕ್ಕನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ಅಷ್ಟು ಜನರ ಮುಂದೆ, ಗೆರೆಯ ಆಚೆ ಸುತ್ತು ಹಾಕುತ್ತಿದ್ದಳು. ಒಳಗೆ ಅವಳ ತಂಡ ಅವಳು ಹೊಡೆದ ಗೋಲಿನಿಂದ ಗೆಲ್ಲುತ್ತಿತ್ತು.

ಆಟ ಮುಗಿದದ್ದೇ ನಾವು ನೆಟ್ಟಗೆ ಕುರ್ಚಿಯ ಹತ್ತಿರ ಹೋದೆವು.

“ಯಾಕ್ ಸಾರ್ ಹಂಗ್ ಮಾಡಿದ್ರಿ? ಗೋಲು ಹೊಡೆದ್ಲಲ್ಲ!” ಎಂದೆ.

“ಗೋಲು ಮುಖ್ಯ ಅಲ್ಲ, ಶಿಸ್ತು ಮುಖ್ಯ. ನಿಮಗೇನ್ರಮ್ಮ ಗೊತ್ತು?”

“ಲೆಫ್ಟ್ ಔಟ್ ಆಡಬೇಕಾದವಳನ್ನ ಫುಲ್ ಬ್ಯಾಕ್ ಹಾಕಿದ್ದೀರಿ, ಅದು ಗೊತ್ತು” ಎಂದರು ಆಪಾ.

ಆತ ಆಪಾರನ್ನು ಮೇಲಿಂದ ಕೆಳಗೆ ನೋಡಿ ನಕ್ಕ. “ಇನ್ಮೇಲೆ ಬಟ್ಟೆ ಹೊಲಿಯೋರ ಹತ್ರ ಹಾಕಿ ಕಲೀಬೇಕಾ ನಾನು?”

“ಕಲಿತಿದ್ರೆ ಚೆನ್ನಾಗಿರ್ತಿತ್ತು” ಎಂದರು ಆಪಾ. ಸುತ್ತ ನಿಂತಿದ್ದವರು ಗೊಳ್ಳೆಂದರು. ಆತನ ಮುಖ ಕಪ್ಪಿಟ್ಟಿತು. ನಾವು ಗೆದ್ದವರ ಹಾಗೆ ಎದೆಯುಬ್ಬಿಸಿಕೊಂಡು ವಾಪಸು ಬಂದೆವು.

ಮಾರನೆಯ ಮಧ್ಯಾಹ್ನ ಹುಡುಗಿ ಆಪಾ ಮನೆಗೆ ಬಂದಳು. ಸ್ಕರ್ಟಿನ ಅಂಚು ಬಿಚ್ಚಿಹೋಗಿದೆ ಎಂದು ನೆಪ. ಅಂಚು ನೆಟ್ಟಗೇ ಇತ್ತು. ಬಾಗಿಲ ಬಳಿ ನಿಂತು, ನನ್ನನ್ನೂ ನೋಡದೆ ಆಪಾರನ್ನೂ ನೋಡದೆ ಹೇಳಿದಳು: “ಅಕ್ಕಾ, ನೀವು ಕೂಗ್ಬೇಡಿ. ನೀವು ಕೂಗಿದ್ರೆ ಸಾರ್‌ಗೆ ಸಿಟ್ಟು ಬತ್ತದೆ. ಆಮೇಲೆ ನಂಗೇ ಬೀಳ್ತದೆ. ಇನ್ನೊಂದ್ ಸಲ ಗಲಾಟೆ ಆದ್ರೆ ಫೈನಲ್ ಆಡ್ಸಲ್ಲ ಅಂದವ್ರೆ.”

ಹಿಂದಿನ ದಿನ ನಾವು ಮಾತಿನಲ್ಲಿ ಗೆದ್ದು ಬಂದ ಮೇಲೆ ಅವಳೊಬ್ಬಳನ್ನೇ ಉಳಿಸಿಕೊಂಡು, ಎಲ್ಲರ ಸ್ಟಿಕ್ಕುಗಳನ್ನೂ ಒರೆಸಿಸಿ, ಹೊರೆ ಕಟ್ಟಿಸಿ ಹೊರಿಸಿದ್ದನಂತೆ. ಅದನ್ನು ಕೇಳಿ ನನಗೆ ಆತನ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು. ನಾನು ದಿಬ್ಬದ ಮೇಲೆ ಕೂತು ಕೂಗಿ ಮನೆಗೆ ಹೋಗುವವಳು. ಆತನ ಕೈಗೆ ಸಿಗುವವಳು ಅವಳು. ಕೂಗುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟೆವು.

ಫೈನಲ್ ಭಾನುವಾರ. ಹುಡುಗಿಯ ತಂದೆ ಬೆಳಗಿನ ಬಸ್ಸಿಗೆ ಕುಣಿಗಲಿನಿಂದ ಬಂದಿದ್ದರು. ಒಗೆದು ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೈಯಲ್ಲಿ ಮಗಳಿಗೆಂದು ತಂದ ಬಾಳೆಹಣ್ಣಿನ ಚೀಲ. ಅವರು ಹಾಕಿಯನ್ನು ನೋಡಿದ್ದೇ ಅದು ಮೊದಲು. ನಾವು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆವು.

ಮತ್ತೆ ಅದೇ ಗೋಡೆ, ಅದೇ “ಹಿಂದೆ ಇರಿ”. ಎದುರಿನವರು ಅಲೆಯಲೆಯಾಗಿ ನುಗ್ಗಿ ಬರುತ್ತಿದ್ದರು, ಕುಣಿಗಲ್ ಹುಡುಗಿ ತಡೆದು ತಡೆದು ಆಚೆ ಕಳಿಸುತ್ತಿದ್ದಳು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಇದ್ದಾಗ ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿ ಗೋಲಾಯಿತು. ಈಗಲಾದರೂ ಮುಂದೆ ಬಿಡುತ್ತಾನೆ ಎಂದುಕೊಂಡೆವು. ಸೋಲುತ್ತಿರುವ ತಂಡ ಇನ್ನು ಕಾಯಬೇಕಾದದ್ದು ಏನು? ಆತ ಕುರ್ಚಿಯಿಂದ ಎದ್ದು ಕೂಗಿದ: “ಜಾಗ ಬಿಡ್ಬೇಡಿ! ಇನ್ನೊಂದು ಹೊಡೆಸ್ಕೋಬೇಡಿ!”

ಹುಡುಗಿಗೆ ಚೆಂಡು ಬಂತು. ಮುಂದೆ ಖಾಲಿ. ಅವಳು ಚೆಂಡಿನ ಮೇಲೆ ಸ್ಟಿಕ್ ಇಟ್ಟು ನಿಂತಳು. ಒಮ್ಮೆ ದಿಬ್ಬದ ಕಡೆ ನೋಡಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ.

ಅವಳ ತಂದೆ ನನ್ನ ಕಡೆ ತಿರುಗಿ ಕೇಳಿದರು: “ಯಾಕವ್ವ ನನ್ ಮಗ್ಳು ಅಲ್ಲೇ ನಿಂತವ್ಳೆ? ಓಡಕ್ಕಾಗಲ್ವಾ ಅವ್ಳಿಗೆ?”

ಆಪಾಗೆ ಇನ್ನು ತಡೆಯಲಾಗಲಿಲ್ಲ. ಮುಖದ ಪರದೆ ಮೇಲೆತ್ತಿ, “ಓಡೇ ಮಗಳೇ!” ಎಂದು ಒಂದೇ ಸಲ ಕೂಗಿದರು. ಹುಡುಗಿ ಎರಡು ಹೆಜ್ಜೆ ಇಟ್ಟಳು. “ಏಯ್!” ಎಂದ ಕೋಚ್. ಅವಳು ನಿಂತಳು. ಚೆಂಡನ್ನು ಪಕ್ಕದವಳಿಗೆ ತಳ್ಳಿ ತನ್ನ ಜಾಗಕ್ಕೆ ಹಿಂದೆ ಸರಿದಳು. ಅಷ್ಟರಲ್ಲಿ ಕೊನೆಯ ಸೀಟಿ ಊದಿದರು.

ಬಹುಮಾನ ಕೊಡುವ ಹೊತ್ತಿನಲ್ಲಿ ಆತನಿಗೂ ಹಾರ ಹಾಕಿದರು. ಒಂದೇ ಗೋಲಿನಿಂದ ಸೋತದ್ದು ಗೌರವದ ಸೋಲು ಎಂದು ಆತ ಮೈಕಿನಲ್ಲಿ ಹೇಳಿದ, ಜನ ಚಪ್ಪಾಳೆ ತಟ್ಟಿದರು. ಶಿಬಿರಕ್ಕೆ ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮುಂದೆ ಹೋಗದ ಫುಲ್ ಬ್ಯಾಕನ್ನು ಯಾರು ನೋಡುತ್ತಾರೆ?

ಹಾರ ಹಾಕಿಕೊಂಡೇ ನಿಂತಿದ್ದ ಆತನ ಹತ್ತಿರ ಅವಳ ತಂದೆ ಹೋದರು. ಕೈ ಮುಗಿದುಕೊಂಡೇ ಕೇಳಿದರು. “ಸ್ವಾಮಿ, ನಂಗೆ ಈ ಆಟ ತಿಳಿಯಕಿಲ್ಲ. ಓಡೋ ಮರೀನ ನಾವು ಬಯಲಿಗೆ ಬುಡ್ತೀವಿ. ನೀವ್ಯಾಕೆ ಇವ್ಳನ್ನ ಕಟ್ಟಾಕಿದ್ರಿ?”

“ಇಷ್ಟ ಇಲ್ಲದಿದ್ರೆ ಮಗಳನ್ನ ಕರ್ಕೊಂಡ್ ಹೋಗ್ರಿ. ಇಲ್ಲಿ ನೂರು ಜನ ಕಾಯ್ತಾ ಇದಾರೆ.”

ಆ ಮಾತನ್ನು ಆತ ಸುಮ್ಮನೆ ಅಂದಿರಬಹುದು. ಆದರೆ ಅವರು ಕರೆದುಕೊಂಡೇ ಹೋದರು. ಪರೀಕ್ಷೆ ಮುಗಿದದ್ದೇ ಹಾಸ್ಟೆಲ್ ಬಿಡಿಸಿ ಕುಣಿಗಲಿನಲ್ಲೇ ಸ್ಕೂಲಿಗೆ ಹಾಕಿದರು. ಅಲ್ಲಿ ಹಾಕಿ ಇರಲಿಲ್ಲ.

ನಾನು ಸುಮ್ಮನಿರಲಿಲ್ಲ. ನಾಲ್ಕು ಪುಟ ದೂರು ಬರೆದೆ. ಆಪಾ ಸಹಿ ಹಾಕಿದರು, ಮೈದಾನಕ್ಕೆ ಬರುತ್ತಿದ್ದ ಒಂದಷ್ಟು ಜನ ಹಾಕಿದರು. ತಂಡದ ಉಸ್ತುವಾರಿ ನೋಡುತ್ತಿದ್ದ ಕಚೇರಿಗೆ ತೆಗೆದುಕೊಂಡು ಹೋದೆವು. ಅಲ್ಲಿದ್ದವರು ಕನ್ನಡಕ ಏರಿಸಿ ಕೇಳಿದರು: “ನೀವು ಯಾವ ಹುಡುಗೀ ಕಡೆಯವರು?”

“ಯಾರ ಕಡೆಯವ್ರೂ ಅಲ್ಲ. ಆಟ ನೋಡೋರು.”

“ನೋಡೋರು ನೋಡ್ಕೊಂಡು ಹೋಗ್ಬೇಕಮ್ಮ. ನೋಡೋರೆಲ್ಲ ದೂರು ಕೊಟ್ರೆ ಹೆಂಗೆ?” ಎಂದು ಕಾಗದವನ್ನು ವಾಪಸು ಕೊಟ್ಟರು.

ಆತ ಮರುವರ್ಷವೂ ಕೋಚ್ ಆಗಿದ್ದ, ಅದರ ಮರುವರ್ಷವೂ. ಒಮ್ಮೆ ಗುಬ್ಬಿಯಲ್ಲಿ ನನ್ನ ಅಣ್ಣನ ಮಗಳ ಸ್ಕೂಲಿನ ಕ್ರೀಡಾದಿನಕ್ಕೆ ಮುಖ್ಯ ಅತಿಥಿಯಾಗಿ ಬಂದ. ಕಾರ್ಯಕ್ರಮ ಮುಗಿದ ಮೇಲೆ ಎದುರಿಗೆ ಹೋಗಿ, “ಆ ಕುಣಿಗಲ್ ಹುಡುಗಿ ನೆನಪಿದ್ದಾಳಾ ಸಾರ್?” ಎಂದು ಕೇಳಿದೆ.

ಕಾಫಿ ಲೋಟ ಹಿಡಿದುಕೊಂಡು ನಿಜವಾಗಿಯೂ ಯೋಚಿಸಿದ. “ಯಾವ ಹುಡುಗಿ?” ಎಂದ. ಅದು ನಾಟಕವಾಗಿರಲಿಲ್ಲ. ಆತನಿಗೆ ನೆನಪೇ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಆ ದಶಕದ ಕೊನೆಯ ಹೊತ್ತಿಗೆ ಯಾರದೋ ಮದುವೆಗೆಂದು ಕುಣಿಗಲ್‌ಗೆ ಹೋದಾಗ ಅವಳೇ ನನ್ನನ್ನು ಗುರುತು ಹಿಡಿದು ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿದಳು. ನರ್ಸ್ ಆಗಿದ್ದಳು. ಕೊತ್ತಗೆರೆ ಕಡೆ ಕೆಲಸ, ದಿನಾ ಓಡಾಟ. ಮದುವೆ ಗೊತ್ತಾಗಿತ್ತು. ಚೆನ್ನಾಗಿಯೇ ಇದ್ದಳು, ಅದನ್ನು ಹೇಳಲೇಬೇಕು. ಆ ಫೈನಲ್ ದಿನ ಕೂಗದೆ ಇದ್ದದ್ದಕ್ಕೆ ನಾನು ಕ್ಷಮೆ ಕೇಳಿದೆ.

“ಅಯ್ಯೋ ಬಿಡಿ ಅಕ್ಕಾ” ಎಂದಳು. “ಆಪಾ ಕೂಗಿದ್ದು ಕೇಳುಸ್ತು. ಆದ್ರೆ ಸಾರ್ ಹೇಳೋದೇ ಸರಿ ಇರ್ಬೇಕು, ನಾನೇ ತಪ್ಪು ಆಡ್ತೀನೇನೋ ಅನ್ಕೊಂಡಿದ್ದೆ. ಸಾರ್ ಅಲ್ವಾ ಅವ್ರು?”

ಅವಳು ನಗುತ್ತಲೇ ಹೇಳಿದಳು. ಹೊತ್ತಾಯಿತು ಎಂದು ಸೈಕಲ್ ಹತ್ತಿ ಹೋದಳು. ನಾನು ಆ ಏರಿಯ ಮೇಲೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಮೈದಾನ ಸುತ್ತಿಸಿದ್ದನ್ನು, ಸ್ಟಿಕ್ ಹೊರಿಸಿದ್ದನ್ನು, ಪಟ್ಟಿಯಲ್ಲಿ ಹೆಸರಿಲ್ಲದಂತೆ ಮಾಡಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಅಂಥ ಕಾಲುಗಳಿದ್ದ ಹುಡುಗಿ ತಾನೇ ತಪ್ಪು ಎಂದು ನಂಬಿ ನಿಂತಿದ್ದಳಲ್ಲ, ಅದನ್ನು ನುಂಗಲಾಗಲಿಲ್ಲ.

ಮಾರನೆಯ ದಿನ ಆಪಾಗೆ ಹೇಳಿದೆ. ಅವರು ಮಿಷನ್ ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ ಆ ಕೋಚನ್ನು ತಮ್ಮ ಮನೆಮಾತಿನಲ್ಲಿ ಒಂದು ಮಾತು ಬೈದರು. ಅದನ್ನು ಇಲ್ಲಿ ಬರೆಯುವಂತಿಲ್ಲ. ನಾನು ಅದಕ್ಕೆ ನನ್ನದೂ ಒಂದನ್ನು ಕನ್ನಡದಲ್ಲಿ ಸೇರಿಸಿದೆ.