ಅಪ್ಪನ ವೀಸಾ

“ಮೊದ್ಲು ಅವರೂರಾಗ ಜಾಹೀರಾತು ಕೊಡಬೇಕಂತ. ಅಲ್ಲಿಯವರು ಯಾರೂ ಬರಲಿಲ್ಲಂದ್ರಷ್ಟ ನನಗ ವೀಸಾ,” ಅಂತ ಸಪ್ಪೆ ಮುಖ ಮಾಡಿ ಹೇಳಿದೆ. ನಾನು ಹಾನಗಲ್ಲಿನಲ್ಲಿ ನರ್ಸು. ಆಗಷ್ಟೇ ನಾನು ಕೆಲಸಕ್ಕೆ ಅರ್ಜಿ ಹಾಕಿದ್ದ ವಿದೇಶದ ಆಸ್ಪತ್ರೆಯೊಂದರಿಂದ ಫೋನು ಬಂದಿತ್ತು.

ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಲೇ ಇಲ್ಲ. “ಅದರಾಗೇನೈತಿ? ನಮ್ಮಲ್ಲೂ ಸೋದರಮಾವನ್ನ ಕೇಳದ ಹೊರಗ ಹೆಣ್ಣು ಕೊಡ್ತಾರೇನು? ಹಿರೇಕೆರೂರಾಗಿನ ನಮ್ಮ ಮಾವ ಒಲ್ಲೆ ಅಂದಮ್ಯಾಲನ ನನ್ನ ಈ ಮನಿಗೆ ಕೊಟ್ಟಿದ್ದು.”

ಬಶಿಯಲ್ಲಿ ಚಹಾ ಆರಿಸುತ್ತಿದ್ದ ಅಪ್ಪ ತಲೆಯೆತ್ತಿದ. “ಇದನ್ನ ನನಗ ಯಾರೂ ಹೇಳೇ ಇಲ್ಲಲ್ಲ!”

ಅಲ್ಲಿ ಯಾರೂ ಬರಲಿಲ್ಲ, ನನಗೆ ವೀಸಾ ಬಂತು. ಮನೆಯವರೆಲ್ಲ ಪೇಡೆ ತಿನ್ನುವಾಗಲೂ ಅಪ್ಪನದು ಅದೇ ಪ್ರಶ್ನೆ: “ಅಲ್ಲ, ಆ ಮಾವ ಹೂಂ ಅಂದಿದ್ರ?”

“ಹೂಂ ಅಂದಿದ್ರ ನಿಮಗ ವೀಸಾ ಸಿಗ್ತಿದ್ದಿಲ್ಲ,” ಅಂದಳು ಅವ್ವ. “ಉಣ್ಣಾಕ ಬರ್ರಿ.”